ಸ್ವಿಂಗ್ ಮೀಮಾಂಸೆ: ಲಕ್ಷ್ಮೀ ನಗರದಲ್ಲಿ ಕೂತು ರಚಿಸಿದ ಒಂದು ಶಾಸ್ತ್ರಗ್ರಂಥ

ಪೀಠಿಕೆ

ಗಾಲ್ಫ್ ಎಂಬ ಕ್ರೀಡಾಸಂಕಥನದೊಳಗೆ ದಂಡಚಾಲನಾ ಜ್ಞಾನವು ದೇಹನಿಷ್ಠವೋ ಶಾಸ್ತ್ರನಿಷ್ಠವೋ ಎಂಬ ಜಿಜ್ಞಾಸೆಯನ್ನು ಬಹುಆಯಾಮಿಕ ಪರಿಪ್ರೇಕ್ಷ್ಯದ ನೆಲೆಗಟ್ಟಿನಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಈ ವಾಕ್ಯ ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ವಿಚಾರ ಸಂಕಿರಣದ ಮೊದಲ ವಾಕ್ಯ ಅರ್ಥವಾಗಬಾರದು. ಅರ್ಥವಾದರೆ ಸಭಿಕರು ಎರಡನೆಯದಕ್ಕೂ ಕಿವಿಗೊಡುತ್ತಾರೆ, ಮೂರನೆಯದಕ್ಕೆ ಪ್ರಶ್ನೆ ಕೇಳುತ್ತಾರೆ, ಊಟದ ಹೊತ್ತು ಮೀರಿಹೋಗುತ್ತದೆ.

ಸಂಶೋಧನಾ ಕ್ಷೇತ್ರ: ಪೂರ್ವ ದೆಹಲಿಯ ಲಕ್ಷ್ಮೀ ನಗರ. ಇಲ್ಲಿ ಗಾಲ್ಫ್ ಮೈದಾನವಿಲ್ಲ. ವಿಕಾಸ್ ಮಾರ್ಗದಿಂದ ಒಳಗಲ್ಲಿಗಳಿಗೆ ಹೊಕ್ಕರೆ ಎದುರುಬದುರು ಬಾಲ್ಕನಿಯವರು ಕೈಚಾಚಿ ಸಕ್ಕರೆ ಸಾಲ ಪಡೆಯಬಹುದು. ಕ್ಲಬ್ ಎತ್ತಿ ಬೀಸಿದರೆ ಮೂರು ಮನೆಯ ಕೇಬಲ್ ಹೋಗುತ್ತದೆ. ಆದರೂ ಕ್ಷೇತ್ರದ ಆಯ್ಕೆ ಸರಿಯಾಗಿದೆ. ಸಿಎ, ಸಿಎಸ್, ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆ, ಏನನ್ನಾದರೂ ಅದು ನಡೆಯುವ ಜಾಗದಿಂದ ಆದಷ್ಟು ದೂರದಲ್ಲಿ ಕೂರಿಸಿ ಕಲಿಸುವ ವಿದ್ಯೆ ಈ ಬಡಾವಣೆಗೆ ಸಿದ್ಧಿಸಿದೆ. ಒಂದೇ ಒಂದು ಅಂಗಡಿಯ ಲೆಕ್ಕದ ಪುಸ್ತಕವನ್ನು ಮುಟ್ಟಿರದ ಹುಡುಗರು ಇಲ್ಲಿ ಇಡೀ ಕಂಪನಿಗಳ ಆಡಿಟ್ ಮಾಡಿ ಎದ್ದು ಹೋಗುತ್ತಾರೆ. ಹೀಗಿರುವಾಗ ಹುಲ್ಲನ್ನೇ ನೋಡದೆ ಗಾಲ್ಫ್ ಶಾಸ್ತ್ರ ರಚಿಸುವುದಕ್ಕೆ ಯಾವ ಅಡ್ಡಿ? ಹುಲ್ಲು ಬೇಕೆಂಬ ಹಟಮಾರಿಗಳು ಮೆಟ್ರೊ ಹತ್ತಿ, ಮುಂದಿನ ಯಮುನಾ ಬ್ಯಾಂಕ್ ನಿಲ್ದಾಣದಲ್ಲಿ ಗಾಡಿ ಬದಲಿಸಿ ನೋಯ್ಡಾ ಕಡೆ ಹೋಗಲಿ. ‘ಗಾಲ್ಫ್ ಕೋರ್ಸ್’ ಎಂಬ ಹೆಸರಿನ ನಿಲ್ದಾಣವೇ ಅಲ್ಲಿದೆ.

ಸಂಶೋಧನಾ ಪ್ರೇರಣೆ

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಬ್ಬ ಅಕೌಂಟ್ಸ್ ಮೇಷ್ಟ್ರಿದ್ದಾರೆ. ಇಲ್ಲಿ ಮೇಷ್ಟ್ರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ಸರ್’ ಅಂದರೆ ಅವರೊಬ್ಬರೇ. ಡಾಕ್ಟರು ನಡೆಯಿರಿ ಎಂದದ್ದಕ್ಕೆ ಸರ್ ಹೋಗಿ ಒಂದು ಗಾಲ್ಫ್ ಅಕಾಡೆಮಿಗೆ ಸೇರಿದರು. ಮೊದಲ ದಿನ ಅಲ್ಲಿ ಕ್ಲಬ್ ಕೊಡಲಿಲ್ಲ, ಸ್ಪೈರಲ್ ಬೈಂಡಿಂಗ್ ಮಾಡಿದ ನೋಟ್ಸ್ ಕೊಟ್ಟರು. ಸರ್‌ಗೆ ಆನಂದಬಾಷ್ಪ ಬಂತು. ಆ ದಿನದಿಂದ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಪಾಠ. ನಾನು ತಾರಸಿ ಗುಡಿಸುತ್ತಿದ್ದರೆ ನಿಂತು ನೋಡಿ, ಕಸಬರಿಕೆಯ ಹಿಡಿತ ದುರ್ಬಲವಾಗಿದೆ, ಎಡಗೈಯ ಎರಡು ಗೆಣ್ಣು ಕಾಣಬೇಕು ಎಂದರು. ಕಸ ಅಲ್ಲಿಯೇ ಉಳಿಯಿತು. ಈ ಗ್ರಂಥ ಹುಟ್ಟಿತು.

ಸ್ವಿಂಗಿಗರ ವರ್ಗೀಕರಣ

ಸ್ವಿಂಗ್ ಕಲಿಯುವವರು ಏಳು ಬಗೆ: ಗ್ರಂಥಜರು, ಯಂತ್ರಜರು, ದೇಹಜರು, ಗುರುಜರು, ಪಿತೃಜರು, ಶ್ರವಣಜರು, ವ್ಯರ್ಥಜರು.

ಗ್ರಂಥಜರ ಮೂಲಪುರುಷ ಅಮೆರಿಕದ ಹೋಮರ್ ಕೆಲ್ಲಿ. 1969ರಲ್ಲಿ ‘ದಿ ಗಾಲ್ಫಿಂಗ್ ಮಷೀನ್’ ಎಂಬ ಪುಸ್ತಕ ಬರೆದು, ಸ್ವಿಂಗ್ ಎಂಬುದು 24 ಘಟಕಗಳ ಒಕ್ಕೂಟವೆಂದೂ ಪ್ರತಿ ಘಟಕಕ್ಕೂ ಹಲವು ಪ್ರಭೇದಗಳುಂಟೆಂದೂ ಸಾರಿದ ಮಹಾನುಭಾವ. ಈಗ ಸಿದ್ಧಾಂತದ ಎದುರು ಗಡಿಯಾರ ಇಡೋಣ. ಮೇಲೆತ್ತಿದ ಕ್ಲಬ್ ಕೆಳಗಿಳಿದು ಚೆಂಡು ಮುಟ್ಟುವುದಕ್ಕೆ ಹಿಡಿಯುವ ಹೊತ್ತು ಸುಮಾರು ಕಾಲು ಸೆಕೆಂಡು. ಆ ಕಾಲು ಸೆಕೆಂಡಿನಲ್ಲಿ 24 ಘಟಕಗಳ ಹಾಜರಿ ಕರೆದರೆ ತಲಾ ಒಂದಕ್ಕೆ ಸಿಗುವುದು ಸೆಕೆಂಡಿನ ನೂರನೆಯ ಒಂದು ಭಾಗ. ಅಷ್ಟರಲ್ಲಿ ‘ಎಸ್ ಸರ್’ ಅನ್ನುವುದಕ್ಕೂ ಆಗುವುದಿಲ್ಲ. ಇನ್ನು ಚೆಂಡು ಕ್ಲಬ್ಬಿನ ಮುಖಕ್ಕೆ ತಾಗಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡು. ನನ್ನ ಅಂದಾಜಿನಲ್ಲಿ, ಮನುಷ್ಯರು ಇಷ್ಟು ಚಿಕ್ಕ ಹೊತ್ತಿನ ಬಗ್ಗೆ ಇಷ್ಟು ದಪ್ಪ ಪುಸ್ತಕಗಳನ್ನು ಮೋಕ್ಷದ ವಿಷಯ ಬಿಟ್ಟರೆ ಬೇರೆಲ್ಲೂ ಬರೆದಿಲ್ಲ.

ಇದಕ್ಕೂ ಮುಂಚೆ, 1957ರಲ್ಲಿ, ಬೆನ್ ಹೋಗನ್ ತಮ್ಮ ಐದು ಪಾಠಗಳ ಪುಸ್ತಕದಲ್ಲಿ ಒಂದು ಗಾಜಿನ ಹಲಗೆ ತಂದಿದ್ದರು. ಅದು ಚೆಂಡಿನಿಂದ ಏರಿ ನಿಮ್ಮ ಭುಜದ ಮೇಲೆ ಒರಗಿದೆ, ನಡುವಿನ ತೂತಿನಿಂದ ನಿಮ್ಮ ತಲೆ ಹೊರಗಿದೆ, ಕ್ಲಬ್ ಎತ್ತುವಾಗ ಗಾಜು ಒಡೆಯಬಾರದು. ಹೋಗನ್ ಚೆಂಡು ಹೊಡೆಯುವುದರಲ್ಲಿ ದೈತ್ಯ, ಅವರಿಗೆ ಗಾಜು ಒಪ್ಪುತ್ತದೆ. ನಮ್ಮ ಸರ್ ಆ ಗಾಜನ್ನು ಕೊರಳಿಗೆ ಹಾಕಿಕೊಂಡೇ ಒಂದು ವಾರ ಓಡಾಡಿದರು. ರಾಜೀವ್ ಚೌಕ್‌ನಲ್ಲಿ ಸಂಜೆ ಆರರ ನೂಕಾಟದಲ್ಲಿ ಅದರ ಗತಿ ಏನಾಯಿತೋ ತಿಳಿಯದು.

ಯಂತ್ರಜರು ಗಾಜನ್ನು ನಂಬುವುದಿಲ್ಲ, ರಾಡಾರನ್ನು ನಂಬುತ್ತಾರೆ. ಡೆನ್ಮಾರ್ಕ್‌ನ ಟ್ರ್ಯಾಕ್‌ಮ್ಯಾನ್ ಕಂಪನಿಯ ಪೆಟ್ಟಿಗೆ ಹಿಂದೆ ನಿಂತು ಕ್ಲಬ್ಬಿನ ವೇಗ, ಚೆಂಡಿನ ಸುತ್ತು, ಏರಿದ ಕೋನ ಎಲ್ಲವನ್ನೂ ಅಳೆಯುತ್ತದೆ. ಚೆಂಡು ಪೊದೆಗೆ ಬಿತ್ತು ಎಂಬ ಸಂಗತಿ ಬರಿಗಣ್ಣಿಗೆ ಕಾಣುತ್ತಿತ್ತು. ಈಗ ದಶಮಾಂಶ ಸ್ಥಾನಗಳ ಸಮೇತ ಕಾಣುತ್ತದೆ. ಯಂತ್ರಜರ ಬಗ್ಗೆ ಇಷ್ಟು ಸಾಕು.

ದೇಹಜರ ವಿಷಯದಲ್ಲಿ ಶಾಸ್ತ್ರಕಾರರು ಸ್ವಲ್ಪ ತಡವರಿಸಬೇಕಾಗುತ್ತದೆ, ಏಕೆಂದರೆ ಅವರ ಪರ ಸಾಕ್ಷ್ಯ ಬಲವಾಗಿದೆ. ಇಂಗ್ಲೆಂಡಿನ ಅರ್ನೆಸ್ಟ್ ಜೋನ್ಸ್ ಮೊದಲ ಮಹಾಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡರು. ವಾಪಸು ಬಂದು ಒಂಟಿಕಾಲಿನಲ್ಲಿ ನಿಂತು ಆಡಿದರೆ ಚೆಂಡು ಮೊದಲಿನಂತೆಯೇ ನೆಟ್ಟಗೆ ಹೋಯಿತು. ಹಾಗಾದರೆ ಸೊಂಟ, ಮಂಡಿ, ಪಾದಗಳ ಸ್ಥಾನನಿರ್ಣಯದ ಅಷ್ಟು ಅಧ್ಯಾಯಗಳು ಯಾತಕ್ಕೆ? ಜೋನ್ಸ್ ಕರವಸ್ತ್ರದ ತುದಿಗೆ ಒಂದು ಪೇನಾಕತ್ತಿ ಕಟ್ಟಿ ತೂಗಿ ತೋರಿಸುತ್ತಿದ್ದರು: ಕ್ಲಬ್ಬಿನ ತಲೆ ಹೀಗೆ ತೂಗಲಿ, ಮೈ ತಾನಾಗಿ ಹಿಂದೆ ಬರುತ್ತದೆ. ಮುಂದೆ ಗಾಲ್ಫ್ ದಿಗ್ಗಜರಾದ ಅಮೆರಿಕದ ಬಾಬಿ ಜೋನ್ಸ್ ಚಿಕ್ಕ ಹುಡುಗನಾಗಿದ್ದಾಗ ಅಟ್ಲಾಂಟಾದಲ್ಲಿ ಸ್ಟುವರ್ಟ್ ಮೇಡನ್ ಎಂಬ ಸ್ಕಾಟಿಷ್ ಆಟಗಾರನ ಬೆನ್ನುಹತ್ತಿ ಅಣಕಿಸುತ್ತಾ ಕಲಿತರು. ಪಾಠಕ್ಕೆ ಹೋಗದ ಬಬ್ಬಾ ವಾಟ್ಸನ್ 2012ರಲ್ಲಿ ಒಮ್ಮೆ, 2014ರಲ್ಲಿ ಇನ್ನೊಮ್ಮೆ ಮಾಸ್ಟರ್ಸ್ ಗೆದ್ದರು. ಪ್ರಯೋಗಶಾಲೆಯೂ ಇದೇ ಕಡೆ ವಾಲಿದೆ: 1999ರಲ್ಲಿ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು ಹೊಸಬರಿಗೆ ಗಾಲ್ಫ್ ಕಲಿಸಿ ನೋಡಿದಾಗ, ತಮ್ಮ ತೋಳಿನ ಮೇಲೆ ಗಮನ ಇಟ್ಟವರಿಗಿಂತ ಕ್ಲಬ್ಬಿನ ಚಲನೆಯ ಮೇಲೆ ಇಟ್ಟವರು ಚೆನ್ನಾಗಿ ಹೊಡೆದರು. ನಮ್ಮೂರುಗಳಲ್ಲಿ ಚಿನ್ನಿದಾಂಡು ಆಡಿದ ಯಾವ ಹುಡುಗನೂ ಮಣಿಕಟ್ಟಿನ ಕೋನ ನೋಡಿಕೊಂಡಿರಲಿಲ್ಲ. ಚಿನ್ನಿ ಯಾರ ಹಿತ್ತಲಿಗೆ ಬೀಳಬೇಕೆಂಬುದನ್ನಷ್ಟೇ ನೋಡುತ್ತಿದ್ದ, ಅದು ಅಲ್ಲಿಗೇ ಬೀಳುತ್ತಿತ್ತು.

ಆದರೆ ಸಹಜವಾದಿಗಳಿಗೂ ಈಗ ಮಠಗಳಿವೆ. ಅಲ್ಲಿನ ಗುರುಗಳು ಕಣ್ಣು ಮುಚ್ಚಿಸಿ, ಉಸಿರು ಎಳೆಸಿ, ‘ಏನನ್ನೂ ಯೋಚಿಸಬೇಡಿ, ಚೆಂಡೇ ನೀವು’ ಎನ್ನುತ್ತಾರೆ. ಏನನ್ನೂ ಯೋಚಿಸದಿರುವುದನ್ನು ಕಲಿಯಲು ಯೋಚಿಸುವುದನ್ನು ಕಲಿಯುವುದಕ್ಕಿಂತ ಹೆಚ್ಚು ಫೀಸು. ಜಿಎಸ್‌ಟಿ ಮಾತ್ರ ಎರಡನ್ನೂ ಬಿಡುವುದಿಲ್ಲ, ಆ ಮಟ್ಟಿಗೆ ಸರ್ಕಾರ ಅದ್ವೈತಿ.

ಉಳಿದ ನಾಲ್ಕು ಬಗೆಗಳಿಗೂ ಲಕ್ಷಣ, ಉದಾಹರಣೆ, ಅತಿವ್ಯಾಪ್ತಿ ದೋಷ ಎಲ್ಲ ಬರೆದಿಟ್ಟಿದ್ದೆ. ತಿರುಗಿ ಓದಿದರೆ ನನಗೇ ಆಕಳಿಕೆ. ಬೇಕಾದವರು ತಾವೇ ಊಹಿಸಿಕೊಳ್ಳಲಿ. ಈ ಏಳು ಖಾನೆಗಳಲ್ಲಿ ಯಾವುದರಲ್ಲೂ ಕೂರದ ಒಬ್ಬ ಮನುಷ್ಯ ಆಗಿನಿಂದ ಬಾಗಿಲ ಬಳಿ ನಿಂತಿದ್ದಾನೆ, ಅವನ ವಿಷಯಕ್ಕೆ ಬರಬೇಕು.

ಮುನಿಯಪ್ಪ ಪ್ರಕರಣ

2009ರಲ್ಲಿ ಇಂಡಿಯನ್ ಓಪನ್ ನಡೆದದ್ದು ಇದೇ ದೆಹಲಿಯ ಮಗ್ಗುಲಿನ ಗುರ್‌ಗಾಂವ್‌ನಲ್ಲಿ, ಡಿಎಲ್‌ಎಫ್ ಮೈದಾನದಲ್ಲಿ. ನಾಲ್ಕು ಸುತ್ತು ಮುಗಿದಾಗ ದಕ್ಷಿಣ ಕೊರಿಯಾದ ಲೀ ಸುಂಗ್ ಮತ್ತು ಬೆಂಗಳೂರಿನ ಸಿ. ಮುನಿಯಪ್ಪ ಸಮಸಮ. ಪ್ಲೇಆಫ್‌ನಲ್ಲಿ ಮುನಿಯಪ್ಪ ಗೆದ್ದರು. ಅವರು ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು. ಇನ್ನೊಬ್ಬರ ಬ್ಯಾಗು ಹೊತ್ತು ಹದಿನೆಂಟು ಗುಳಿ ನಡೆದವರು. ಅದಕ್ಕೂ ಮೊದಲು, 1991ರಲ್ಲಿ, ಇದೇ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯ ವೃತ್ತಿಪರ ಅಲಿ ಶೇರ್ ದೆಹಲಿ ಗಾಲ್ಫ್ ಕ್ಲಬ್ಬಿನ ಕ್ಯಾಡಿ. 2016 ಮತ್ತು 2017ರಲ್ಲಿ ಸಾಲಾಗಿ ಗೆದ್ದ ಎಸ್‌.ಎಸ್‌.ಪಿ. ಚೌರಾಸಿಯಾ ಅವರ ತಂದೆ ಕೋಲ್ಕತ್ತದ ರಾಯಲ್ ಕಲ್ಕತ್ತಾ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದರು.

ಇವರ ಬಗ್ಗೆ ಬರೆಯುವವರು ಒಂದೇ ಪದವನ್ನು ಜೇಬಿನಲ್ಲಿ ಇಟ್ಟುಕೊಂಡು ಬರುತ್ತಾರೆ: ಸಹಜ ಪ್ರತಿಭೆ. ಹುಟ್ಟಿನಿಂದ ಬಂದದ್ದು, ದೇವರು ಕೊಟ್ಟದ್ದು. ಮೆಂಬರ್ ಸಾಹೇಬರ ಮಗ ಚೆನ್ನಾಗಿ ಹೊಡೆದರೆ ಅದು ತಂತ್ರ, ತರಬೇತಿ, ಶಿಸ್ತು. ಕ್ಯಾಡಿ ಹೊಡೆದರೆ ದೇವರು. ಈ ಲೆಕ್ಕ ನನಗೆ ಮೊದಲಿನಿಂದಲೂ ಹಿಡಿಸಿಲ್ಲ, ಮತ್ತು ಇಲ್ಲಿಂದ ಮುಂದೆ ಶಾಸ್ತ್ರಭಾಷೆಯಲ್ಲಿ ಬರೆಯುವ ತಾಳ್ಮೆ ನನಗಿಲ್ಲ.

ಕ್ಯಾಡಿ ಏನು ಮಾಡುತ್ತಾನೆ ನೋಡಿ. ಹದಿನಾಲ್ಕು ಕ್ಲಬ್ಬಿನ ಬ್ಯಾಗು ಹೊರುತ್ತಾನೆ. ಗುಳಿಗೆ ಎಷ್ಟು ಗಜ, ಗಾಳಿ ಯಾವ ಕಡೆ, ಹಸಿರಿನ ಇಳಿಜಾರು ಎತ್ತ, ಹುಲ್ಲಿನ ಎಳೆ ಮಧ್ಯಾಹ್ನದ ನಂತರ ಯಾವ ಕಡೆ ಮಲಗುತ್ತದೆ, ಎಲ್ಲವನ್ನೂ ಹೇಳುತ್ತಾನೆ. ನೂರೆಂಟು ಮಿಲಿಮೀಟರ್ ಅಗಲದ ಗುಳಿಗೆ ಚೆಂಡು ಬಿದ್ದರೆ ಸಾಹೇಬರ ಸ್ಟ್ರೋಕು ಚೆನ್ನಾಗಿತ್ತು. ಬೀಳದಿದ್ದರೆ ಇವನು ಲೈನ್ ತಪ್ಪು ಹೇಳಿದ. ಒಳ್ಳೆಯವರ ಸ್ವಿಂಗ್, ಕೆಟ್ಟವರ ಸ್ವಿಂಗ್, ಕುಡಿದವರ ಸ್ವಿಂಗ್, ಸಿಟ್ಟು ಬಂದವರ ಸ್ವಿಂಗ್, ಎಲ್ಲವನ್ನೂ ಹತ್ತು ಹೆಜ್ಜೆ ದೂರದಿಂದ, ಮಾತಾಡದೆ, ಇಡೀ ದಿನ, ವರ್ಷಗಟ್ಟಲೆ ನೋಡುತ್ತಾನೆ. ನಮ್ಮಲ್ಲಿ ಹಲವು ಕ್ಲಬ್ಬುಗಳು ಸೋಮವಾರ ರಿಪೇರಿಗೆಂದು ಮುಚ್ಚುತ್ತವೆ, ಕ್ಯಾಡಿಗಳಿಗೆ ಆಡಲು ಸಿಗುವುದು ಆವತ್ತೇ. ಆರು ದಿನ ಥಿಯರಿ, ಒಂದು ದಿನ ಪ್ರಾಕ್ಟಿಕಲ್. ಲಕ್ಷ್ಮೀ ನಗರದ ಯಾವ ಬ್ಯಾಚಿನಲ್ಲೂ ಇಷ್ಟು ಕಟ್ಟುನಿಟ್ಟಿನ ವೇಳಾಪಟ್ಟಿ ಇಲ್ಲ. ಇದನ್ನು ಓದು ಅನ್ನದೆ ಹುಟ್ಟುಗುಣ ಅನ್ನುವುದಕ್ಕೆ ಒಂದೇ ಕಾರಣ: ಅವನ ಹತ್ತಿರ ಫೀಸು ಕಟ್ಟಿದ ರಸೀದಿ ಇಲ್ಲ.

‘ತಲೆ ಎತ್ತಬೇಡ’ ಎಂಬುದು ಗಾಲ್ಫ್ ತಂತ್ರದ ಅತಿ ಹಳೆಯ ಸೂತ್ರ. ಅದನ್ನು ಅವನಿಗೆ ಯಾವ ಕೋಚೂ ಹೇಳಿಕೊಡಬೇಕಾಗಿ ಬಂದಿಲ್ಲ.

2017ರಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿನ ಊಟದ ಕೋಣೆಯಿಂದ ಮೇಘಾಲಯದ ಖಾಸಿ ಮಹಿಳೆಯೊಬ್ಬರನ್ನು, ಅತಿಥಿಯಾಗಿ ಬಂದವರನ್ನು, ಎದ್ದು ಹೋಗಲು ಹೇಳಿದರು. ಅವರು ಉಟ್ಟ ಖಾಸಿ ಉಡುಗೆ ಜೈನ್‌ಸೆಮ್ ನೋಡಿ ಮನೆಗೆಲಸದವರ ಹಾಗೆ ಕಾಣುತ್ತಾರೆ ಎಂದರಂತೆ. ಸುದ್ದಿ ದೇಶವಿಡೀ ಹಬ್ಬಿತು. ಬಾಗಿಲಲ್ಲಿ ಉಡುಗೆ ಓದಿ ಮನುಷ್ಯರನ್ನು ವಿಂಗಡಿಸುವ ಕಲೆಯಲ್ಲಿ ಇಷ್ಟು ನುರಿತಿರುವ ಜಾಗಗಳಲ್ಲಿ ಹೊಡೆತವನ್ನು ‘ಸಹಜ’ ಮತ್ತು ‘ತಾಂತ್ರಿಕ’ ಎಂದು ವಿಂಗಡಿಸುವವರು ಹುಟ್ಟಿದರೆ ಆಶ್ಚರ್ಯವೇನು? ಆ ಕ್ಲಬ್ಬಿನಿಂದ ತುಸು ದೂರದಲ್ಲೇ, ಲೋಧಿ ಎಸ್ಟೇಟ್‌ನಲ್ಲಿ, ನಮ್ಮ ದೆಹಲಿ ಕನ್ನಡ ಶಾಲೆ ಇದೆ. ಅಲ್ಲಿನ ಮಕ್ಕಳಲ್ಲಿ ಎಷ್ಟು ಜನ ಆ ಹುಲ್ಲಿನ ಮೇಲೆ ಕಾಲಿಟ್ಟಿದ್ದಾರೆಂದು ಕೇಳಬೇಕೆನ್ನಿಸುತ್ತದೆ, ಕೇಳುವುದಿಲ್ಲ.

ಪೂರ್ವಪಕ್ಷ, ಉತ್ತರಪಕ್ಷಗಳ ಜಗಳವನ್ನು ಬಿಡದಿ ಬಳಿಯ ಈಗಲ್‌ಟನ್ ಮೈದಾನ ಎಂದೋ ಮುಗಿಸಿದೆ. ಪಕ್ಕದ ಹಳ್ಳಿಯ ಚಿಕ್ಕರಂಗಪ್ಪ ಎಂಬ ಹುಡುಗ ಅಲ್ಲಿ ಕ್ಯಾಡಿಯಾಗಿ ಬಂದ. ಕೋಚ್ ವಿಜಯ್ ದಿವೇಚಾ ಅವನಿಗೆ ಆಟ ಕಲಿಸಿದರು. ಸೇನೆಯ ವೈದ್ಯರ ಮಗ ಅನಿರ್ಬನ್ ಲಾಹಿರಿಗೂ ಅವರೇ ಕೋಚ್. ಒಬ್ಬನಿಗೆ ದೇವರು, ಇನ್ನೊಬ್ಬನಿಗೆ ತಂತ್ರ ಎಂದು ಆ ಕೋಚ್ ಪಾಲು ಮಾಡಲಿಲ್ಲ. ಇಬ್ಬರಿಗೂ ಹೇಳಿಕೊಟ್ಟರು, ಇಬ್ಬರೂ ವೃತ್ತಿಪರರಾದರು. ಕ್ಯಾಡಿ ಹುಡುಗನ ಕೈಗೆ ತಂತ್ರ ಕೊಟ್ಟರೆ ಅವನ ಸಹಜತೆ ಕೆಟ್ಟುಹೋಗುತ್ತದೆಂಬ ಚಿಂತೆ, ಅವನಿಗೆ ತಂತ್ರ ಕೊಡುವ ಮನಸ್ಸಿಲ್ಲದವರಿಗೆ ಮಾತ್ರ ಕಾಡುವಂಥದ್ದು. ಮುನಿಯಪ್ಪನವರಿಗೆ ಹತ್ತು ವರ್ಷದ ವಯಸ್ಸಿನಲ್ಲಿ ಇಂಥ ಒಬ್ಬರು ಸಿಕ್ಕಿದ್ದರೆ?

ಸಿದ್ಧಾಂತದ ಅಧ್ಯಾಯ ಬರೆಯುವುದಿಲ್ಲ. ಬಡಾವಣೆಯ ಪದ್ಧತಿಯಂತೆ ಪ್ರಶ್ನೆಪತ್ರಿಕೆ ಮಾತ್ರ ಕೊಡುತ್ತೇನೆ.

ಮಾದರಿ ಪ್ರಶ್ನೆಗಳು (ನೆಗೆಟಿವ್ ಮಾರ್ಕಿಂಗ್ ಉಂಟು)

1. ಕಾಲು ಸೆಕೆಂಡಿನಲ್ಲಿ 24 ಘಟಕಗಳನ್ನು ನೆನೆಯಿರಿ. ನೆನೆದ ಮೇಲೆ ಚೆಂಡು ಎಲ್ಲಿದೆ ಎಂದು ತಿಳಿಸಿ.

2. ಲೈನ್ ಹೇಳಿದವರು ಕ್ಯಾಡಿ, ಪಟ್ ಮಾಡಿದವರು ಮೆಂಬರ್, ಕಪ್ ಕ್ಲಬ್ಬಿನ ಕಪಾಟಿನಲ್ಲಿದೆ. ಜರ್ನಲ್ ಎಂಟ್ರಿ ಬರೆಯಿರಿ. (ಈ ಪ್ರಶ್ನೆಯನ್ನು ಸರ್‌ಗೂ ಕೊಟ್ಟಿದ್ದೇನೆ. ಡೆಬಿಟ್ ಯಾರಿಗೆ ಎಂದು ಇನ್ನೂ ಯೋಚಿಸುತ್ತಿದ್ದಾರೆ.)

3. ತಾರಸಿಯ ಕಸ ಗುಡಿಸಲು ಎಡಗೈಯ ಎಷ್ಟು ಗೆಣ್ಣು ಕಾಣಬೇಕು? ಗುಡಿಸಿ ತೋರಿಸಿದವರಿಗೆ ಪೂರ್ತಿ ಅಂಕ.