ರೀಲಣ್ಣ

ವಾಮದಪದವಿನಿಂದ ಸಮುದ್ರ ನೋಡಬೇಕಾದರೆ ಬಿ.ಸಿ. ರೋಡಿಗೆ ಇಳಿದು ಮಂಗಳೂರು ಬಸ್ಸು ಹಿಡಿಯಬೇಕು. ಉಪ್ಪುನೀರಿಗೆ ಯಾವ ಗಾಳದ ರೀಲು ಒಳ್ಳೆಯದೆಂದು ತಿಳಿಯಲು ಮಾತ್ರ ಅಷ್ಟು ದೂರ ಹೋಗಬೇಕಾಗಿಲ್ಲ. ರೀಲಣ್ಣ ಪೇಟೆಯ ಹೋಟೆಲಿನಲ್ಲೇ ಸಿಗುತ್ತಾರೆ. ಹೆತ್ತವರಿಟ್ಟ ಹೆಸರು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಂಟು. ನಮ್ಮ ಕಡೆಯ ಪ್ರತಿ ಪೇಟೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ: ಮನೆ ತುಂಬ ಅಡಿಕೆ, ತಲೆ ತುಂಬ ಅಂಜಲ್ ಮೀನು.

"ಹಿಡಿ ಒಂದು ಸುತ್ತು ತಿರುಗಿಸಿದ್ರೆ ಡೈವಾ ಬಿ.ಜಿ. 4000 ದಾರವನ್ನು 5.7 ಸುತ್ತು ಎಳೀತದೆ, ಪೆನ್ ಬ್ಯಾಟಲ್ 6.2. ಆ ಅರ್ಧ ಸುತ್ತಿನಲ್ಲೇ ಮೀನು ತಪ್ಪುದು ಮಾರಾಯ್ರೆ!" ಎದುರಿಗಿದ್ದವರು ಕೇಳಿದ್ದು ಪುಂಜಾಲಕಟ್ಟೆ ಬಸ್ಸು ಹೋಯಿತಾ ಎಂದಷ್ಟೇ.

ಶಿಮಾನೊ 1921ರಲ್ಲಿ ಜಪಾನಿನಲ್ಲಿ ಹುಟ್ಟಿದ ಕಂಪೆನಿ. ರೀಲಿನಂತೆ ಸೈಕಲ್ ಗೇರಿಗೂ ಅದು ಹೆಸರುವಾಸಿ. ಮಗ ಗೇರ್ ಸೈಕಲ್ ಬೇಕೆಂದು ಹಟ ಹಿಡಿದಾಗ ರೀಲಣ್ಣ ಅದೇ ಕಂಪೆನಿಯ ರೀಲು ತರಿಸಿ, "ಗೇರು ಇದರಲ್ಲೂ ಉಂಟು" ಎಂದರು.

ಪರೀಕ್ಷೆ ನಡೆಯುವುದು ಅಂಗಳದಲ್ಲಿ. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ, ತಕ್ಕಡಿಯ ಇನ್ನೊಂದು ತುದಿ ಅಡಿಕೆ ಮರಕ್ಕೆ. ರಾಡು ಬಾಗಿಸಿ ಹಿಂದೆ ಹಿಂದೆ ಸರಿಯುತ್ತಾರೆ. 20 ಪೌಂಡು ತಾಳುವ ದಾರವಾದರೆ 5 ಪೌಂಡಿನ ಎಳೆತಕ್ಕೇ ಡ್ರ್ಯಾಗ್, ಅಂದರೆ ರೀಲಿನ ಬ್ರೇಕು, ದಾರ ಬಿಡಬೇಕು, ಇಲ್ಲದಿದ್ದರೆ ದೊಡ್ಡ ಮೀನು ಓಡಿದಾಗ ದಾರ ತುಂಡು. ರೀಲು "ಕರ್‍ರ್" ಎನ್ನುತ್ತದೆ, ಮುಖ ಅರಳುತ್ತದೆ. ಒಳಗಿನಿಂದ ಹೆಂಡತಿಯ ಸ್ವರ: "ಮರ ಸಿಕ್ಕಿತಾ? ಮಸಾಲೆ ಕಡೆಯಲಾ?"

ಹಾಗಾದರೆ ಸಮುದ್ರಕ್ಕೆ ಯಾವಾಗ? ಯಾಂತ್ರಿಕ ದೋಣಿಗಳಿಗೆ ಸರಕಾರದ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ದಡದಲ್ಲಿ ಗಾಳ ಹಾಕುವವರಿಗೆ ಅದು ತಾಗುವುದಿಲ್ಲವಾದರೂ ರೀಲಣ್ಣ ಕಾನೂನಿಗೆ ಗೌರವ ಕೊಡುವವರು. ಆಮೇಲೆ ಅಡಿಕೆಗೆ ಮದ್ದು, ಕೊಯ್ಲು, ನೇಮ, ಮದುವೆ. ಅಷ್ಟರಲ್ಲಿ ಮತ್ತೆ ಜೂನ್.

ಒಮ್ಮೆ ಉಳ್ಳಾಲದ ಕಡೆ ಹೋದದ್ದುಂಟು. ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಅಜ್ಜ ಖಾಲಿ ಬಾಟಲಿಗೆ ಸುತ್ತಿದ ನೈಲಾನ್ ದಾರದಲ್ಲೇ ಕಾಣೆ ಮೀನು ಎಳೆದು ಹಾಕಿದರು. ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ರೀಲಣ್ಣ ಬಾಟಲಿಯನ್ನು ತಿರುಗಿಸಿ ಮುರುಗಿಸಿ ನೋಡಿ ತೀರ್ಪು ಕೊಟ್ಟರು: "ತುಕ್ಕು ಹಿಡಿಯುದಿಲ್ಲ, ಅದು ಪ್ಲಸ್ಸು. ಆದ್ರೆ ಡ್ರ್ಯಾಗ್ ಇಲ್ಲ."

ಹೇಳಬೇಕಾದ್ದನ್ನು ಹೇಳಲೇಬೇಕು, ಅವರ ಮಾತು ತಪ್ಪಲ್ಲ. ಉಪ್ಪುನೀರಿನಿಂದ ಬಂದ ರೀಲಿನ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಹೊಯ್ದು ತೊಳೆದು, ಒಣಗಿದ ಮೇಲೆ ಸಡಿಲಿಸಿ ಇಡಿ ಎನ್ನುತ್ತಾರೆ. ಹಾಗೆ ಮಾಡಿದವರ ರೀಲು ಬಾಳಿಕೆ ಬಂದಿದೆ. ಅವರದ್ದಂತೂ ಹೊಸದರಂತೆಯೇ ಇದೆ, ಉಪ್ಪು ತಾಗಿದರಲ್ಲವೇ?

ರೀಲು ಕೊಳ್ಳುವುದಿದ್ದರೆ ಕಣ್ಣು ಮುಚ್ಚಿ ಅವರನ್ನೇ ಕೇಳಿ. ಮೀನು ಬೇಕಿದ್ದರೆ ಬೆಳಿಗ್ಗೆ ಹಾರ್ನ್ ಹಾಕುತ್ತ ಬರುವ ಬೈಕಿನವನಿದ್ದಾನೆ. ರೀಲಣ್ಣನೂ ಅವನಲ್ಲೇ ತೆಗೆದುಕೊಳ್ಳುವುದು.