ಗಡಿ ದಾಟೋರೇ ಇಲ್ಲ ಅಂದ ಕಂಪೈಲರ್ ಸಾಹೇಬರಿಗೆ



ನಿನ್ನೆ ರಾತ್ರಿಯಿಡೀ ನಿಮ್ಮ ಉಪಕಾರ ನೆನೆಯುತ್ತ ಕೂತಿದ್ದೆ, ಕಣ್ಣು ಇನ್ನೂ ಉರಿಯಾಕತ್ತಾವ. ನಡುವೆ ಕರೆಂಟೂ ಹೋಗಿತ್ತು. ಆದರೆ ಕರೆಂಟ್ ಹೋದರೆ ಗೊತ್ತಾಗುತ್ತದೆ. ನೀವು ಕಿತ್ತ ಸಾಲು ಹೋದದ್ದು ಗೊತ್ತೇ ಆಗಲಿಲ್ಲ.

ಹೊರಗಿನಿಂದ ಬರುವ ಪ್ಯಾಕೆಟ್ ತನ್ನ ಉದ್ದ ಇಷ್ಟು ಎಂದು ತಾನೇ ಹೇಳಿಕೊಳ್ಳುತ್ತದೆ. ಅದನ್ನು ನಂಬಬಾರದೆಂದು ಯಾರೋ ಪುಣ್ಯಾತ್ಮರು ಹಳೆಯ ಪ್ರೋಗ್ರಾಮಿನಲ್ಲಿ ಒಂದು ತಪಾಸಣೆ ಬರೆದಿದ್ದರು: ಪಾಯಿಂಟರಿಗೆ ಉದ್ದ ಕೂಡಿಸಿದಾಗ ವಿಳಾಸ ಮೊದಲಿಗಿಂತ ಚಿಕ್ಕದಾದರೆ ನಿಲ್ಲಿಸು. 32 ಬಿಟ್ ಯಂತ್ರದಲ್ಲಿ ವಿಳಾಸ 4294967295ಕ್ಕೆ ಮುಗಿದು ಮತ್ತೆ ಸೊನ್ನೆಗೆ ಬರುತ್ತದೆ. 4294967000ಕ್ಕೆ 500 ಕೂಡಿಸಿದರೆ ಸಿಗುವುದು 204.

ಆಪ್ಟಿಮೈಸೇಶನ್ ಇಲ್ಲದಿದ್ದರೆ ತಪಾಸಣೆ ಇದೆ, ಓ-2 ಎಂಬ ಆಪ್ಟಿಮೈಸೇಶನ್ ಆಯ್ಕೆ ಹಾಕಿದರೆ ಮಾಯ. ನಿಮ್ಮ ವಾದ ಕೇಳಿ: ಸಿ ಭಾಷೆಯ ಮಾನದಂಡದ ಪ್ರಕಾರ ಪಾಯಿಂಟರ್ ತನ್ನ ಅರೇಯ ಕೊನೆ ಬಿಟ್ಟು ಒಂದು ಹೆಜ್ಜೆಗಿಂತ ಆಚೆ ಹೋಗುವಂತಿಲ್ಲ. ಹೋಗುವಂತಿಲ್ಲ, ಆದ್ದರಿಂದ ಹೋಗುವುದಿಲ್ಲ. ಹೋಗುವುದಿಲ್ಲ ಎಂದಮೇಲೆ ತಪಾಸಣೆ ಯಾಕೆ?

ಸಾಹೇಬ್ರ, ನಾವು ಗಡಿ ತಾಲ್ಲೂಕಾದ ಅಕ್ಕಲಕೋಟದವರು. ಬೆಳಗ್ಗೆ ದುಧನಿಯಿಂದ ಅಫಜಲಪುರಕ್ಕೆ ಹೋಗಿ ಸಂಜೆ ಬರುವವರು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಅಕ್ಕಲಕೋಟವನ್ನು ಆಚೆಯ ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಕೊಡಿ ಅಂದಿತ್ತು. ನಾವು ಇನ್ನೂ ಮಹಾರಾಷ್ಟ್ರದಲ್ಲೇ ಇದ್ದೇವೆ. ಕಾಗದದಲ್ಲಿ ಬರೆದದ್ದೆಲ್ಲ ನೆಲದ ಮೇಲೆ ನಡೆಯುತ್ತದೆಂದು ನಮಗೆ ಪಾಠ ಹೇಳಬೇಡ್ರಿ.

ತಪಾಸಣೆ ತೆಗೀರಿ, ಆದರೆ ಹೇಳಿ ತೆಗೀರಿ! ಬಳಸದ ವೇರಿಯೆಬಲ್ ಒಂದು ಮೂಲೆಯಲ್ಲಿ ಬಿದ್ದಿದ್ದರೆ ಡಂಗುರ ಸಾರುತ್ತೀರಿ. ಕಾವಲು ಕಿತ್ತಾಗ ಬಾಯಿಗೆ ಬೀಗ. ಒಂದು ಸಾಲಿನ ಎಚ್ಚರಿಕೆ ಕೊಟ್ಟಿದ್ದರೆ ನನ್ನ ನಿದ್ದೆ ಉಳಿಯುತ್ತಿತ್ತು. 2008ರಲ್ಲೇ ಅಮೆರಿಕದ ಸೈಬರ್ ಸುರಕ್ಷತೆಯ ಸರ್ಟ್ ಕೇಂದ್ರ ಈ ಚಾಳಿಯ ಬಗ್ಗೆ ಜಿಸಿಸಿ ಕಂಪೈಲರಿನ ಹೆಸರು ಹೇಳಿ ಕೂಗಿತ್ತು. ಬೇರೆ ಕಂಪೈಲರ್‌ಗಳೂ ಅದೇ ಕೆಲಸ ಮಾಡುತ್ತವೆಂದು ಆಮೇಲೆ ಬಯಲಾಯಿತು. ನಿಮ್ಮ ಈ ಜಾಣತನ ಬೇಡವೆಂದೇ ಲಿನಕ್ಸ್ ಕರ್ನಲ್‌ನವರು ನೋ-ಸ್ಟ್ರಿಕ್ಟ್-ಓವರ್‌ಫ್ಲೋ ಫ್ಲ್ಯಾಗ್ ಹಾಕುತ್ತ ಬಂದಿದ್ದಾರೆ. ನಿಮಗೆ ನಾಚಿಕೆಯೂ ಡಿಫಾಲ್ಟ್ ಆಗಿ ಬರೋದಿಲ್ಲೇನು? ಅದಕ್ಕೂ ಫ್ಲ್ಯಾಗ್ ಹಾಕಬೇಕೇನು?

ಬೆಳಗಿನ ಜಾವ ಸಾಲನ್ನು ತಿರುಗಿಸಿ ಬರೆದೆ: ಬಫರಿನ ಕೊನೆಯಿಂದ ಪಾಯಿಂಟರನ್ನು ಕಳೆ, ಉಳಿದ ಜಾಗಕ್ಕಿಂತ ಉದ್ದ ಹೆಚ್ಚಿದ್ದರೆ ನಿಲ್ಲಿಸು. ಕೂಡಿಸುವುದೇ ಇಲ್ಲ, ಹಾಗಾಗಿ ಗಡಿ ದಾಟುವ ಮಾತೂ ಇಲ್ಲ. ಇದನ್ನು ಕೀಳಲು ನಿಮಗೆ ನೆಪ ಸಿಗುವುದಿಲ್ಲ.

ಹಳೆಯ ಸಿ ಕೋಡನ್ನು ಹೊಸ ಕಂಪೈಲರಿಗೆ ಒಪ್ಪಿಸುತ್ತಿರುವ ಗೆಳೆಯರೇ, ನಿಮ್ಮ ತಪಾಸಣೆಗಳು ಅಸೆಂಬ್ಲಿಯಲ್ಲಿ ಉಳಿದಿವೆಯೋ ಇಲ್ಲವೋ, ಇವತ್ತೇ ತೆಗೆದು ನೋಡ್ರಿ.