ದಂತನಾಲ ಮೀಮಾಂಸೆ

ಯಾವುದೇ ಶಾಸ್ತ್ರಕ್ಕೆ ಕೈಹಾಕುವ ಮೊದಲು ಅದರ ಅಧಿಕಾರಿ ಯಾರು, ವಿಷಯವೇನು, ಸಂಬಂಧವೇನು, ಪ್ರಯೋಜನವೇನು ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ರಾತ್ರಿ ಎರಡು ಗಂಟೆಗೆ ಕೆನ್ನೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಲವಂಗದ ಡಬ್ಬಿ ಹುಡುಕುವವನೇ ರೂಟ್ ಕೆನಾಲ್ ಶಾಸ್ತ್ರದ ಅಧಿಕಾರಿ. ದವಡೆ ಹಲ್ಲಿನೊಳಗಿನ ತಿರುಳು ವಿಷಯ. ಆ ತಿರುಳಿಗೂ ಅವನ ನಿದ್ದೆಗೂ ಇರುವುದು ಸಂಬಂಧ. ಬಿಸಿ ಕಾಫಿಯನ್ನು ಮತ್ತೆ ಬಿಸಿಯಾಗಿಯೇ ಕುಡಿಯುವುದು ಪ್ರಯೋಜನ. ಹಲ್ಲು ಗಟ್ಟಿಯಿರುವವರಿಗೆ ಇಲ್ಲಿ ಪ್ರವೇಶವಿಲ್ಲ. ಅವರು ಓದಿ ನಗುತ್ತಾರೆ, ಅದು ಶಾಸ್ತ್ರಕ್ಕೆ ಅಪಚಾರ.

ಮೊದಲು ಪೂರ್ವಪಕ್ಷ. ಹಲ್ಲುನೋವಿನ ವಿಚಾರದಲ್ಲಿ ಮನೆಗೊಬ್ಬ ಆಚಾರ್ಯರಿರುತ್ತಾರೆ. ಲವಂಗವಾದಿಗಳನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಲವಂಗದೆಣ್ಣೆಯಲ್ಲಿರುವ ಯೂಜಿನಾಲನ್ನು ದಂತವೈದ್ಯರೂ ಜಿಂಕ್ ಆಕ್ಸೈಡಿಗೆ ಕಲಸಿ ತಾತ್ಕಾಲಿಕ ಫಿಲ್ಲಿಂಗಿಗೆ ಬಳಸುತ್ತಾರೆ. ಹುಳುವಾದಿಗಳದು ಇನ್ನೂ ಪ್ರಾಚೀನ ಮತ. ಸುಶ್ರುತ ಸಂಹಿತೆಯಲ್ಲೇ ಕೃಮಿದಂತದ ಪ್ರಸ್ತಾಪವಿದೆ. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಉದುರಿಸಿ ಹೊಗೆಯನ್ನು ಬಾಯಿಗೆ ಹಿಡಿದರೆ ಹುಳು ಬೀಳುತ್ತದೆಂದು ಇವರ ವಾದ. ಯುರೋಪಿನಲ್ಲಿ ಇದೇ ವಿದ್ಯೆ ಹೆನ್‌ಬೇನ್ ಎಂಬ ಗಿಡದ ಬೀಜದಿಂದ ನಡೆಯುತ್ತಿತ್ತು. ಅಲ್ಲಿ ಬಿದ್ದ ಬಿಳಿ ಹುಳುಗಳು ಕಾವಿಗೆ ಸಿಡಿದ ಬೀಜದ ಭ್ರೂಣಗಳಾಗಿದ್ದವು. ಹಲ್ಲಿನಲ್ಲಿ ಅವು ಎಂದೂ ವಾಸವಿರಲಿಲ್ಲ. ಫ್ರಾನ್ಸಿನ ಪಿಯೇರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ ಈ ಮತವನ್ನು ಅಲ್ಲಗಳೆದ. ನಮ್ಮ ಕಡೆ ಆ ಗ್ರಂಥ ಇನ್ನೂ ಬಂದು ತಲುಪಿಲ್ಲವೆಂದು ಕಾಣುತ್ತದೆ. ಇವರ ಪಕ್ಕದಲ್ಲಿ ಕೀಳಿಸಿಬಿಡಿವಾದಿಗಳಿದ್ದಾರೆ. ಅವರದು ಒಂದೇ ಸೂತ್ರ: ‘ಕೀಳಿಸಿಬಿಡೋ, ಪೀಡೆ ಹೋಗತ್ತೆ.’ ಈ ಪಂಥದ ಆಚಾರ್ಯರಿಗೆ ಸ್ವಂತ ಹಲ್ಲು ಉಳಿದಿರುವುದು ಅಪರೂಪ, ಆದ್ದರಿಂದ ಅವರ ಮಾತಿನಲ್ಲಿ ಸ್ವಾರ್ಥವಿಲ್ಲ.

ಎಲ್ಲಕ್ಕಿಂತ ಅಪಾಯಕಾರಿ ಎಂದರೆ ‘ತಾನಾಗೇ ಹೋಯ್ತು’ ಎಂಬ ಪಕ್ಷ. ಇದರ ಖಂಡನೆಗೆ ಸ್ವಲ್ಪ ಜಾಗ ಬೇಕು. ಹಲ್ಲಿನ ನಡುವೆ ನರ, ರಕ್ತನಾಳಗಳಿರುವ ಮೆತ್ತನೆಯ ತಿರುಳಿದೆ. ಹುಳುಕು ಅಲ್ಲಿಯವರೆಗೆ ಇಳಿದಾಗ ತಿರುಳು ಊದಿಕೊಳ್ಳಲು ನೋಡುತ್ತದೆ. ಸುತ್ತಲಿನ ಗೋಡೆ ಮಾತ್ರ ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ. ಮಲಗಿದರೆ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುವುದರಿಂದ ನೋವು ರಾತ್ರಿಪಾಳಿಗೇ ಬರುತ್ತದೆ. ಬಿಸಿ ತಾಕಿದರೆ ಜೀವ ಹೋಗುತ್ತದೆ, ತಣ್ಣೀರು ತುಂಬಿಕೊಂಡರೆ ಹಾಯೆನಿಸುತ್ತದೆ. ಈ ಹಂತದಲ್ಲಿ ಅಧಿಕಾರಿಯು ತಂಬಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಗೋಡೆಗೊರಗಿ ಕೂತು, ಅರ್ಧ ನಿಮಿಷಕ್ಕೊಮ್ಮೆ ಗುಟುಕು ಬದಲಾಯಿಸುತ್ತಿರುತ್ತಾನೆ. ನಾಳೆ ಬೆಳಗಾಗುತ್ತಲೇ ಡಾಕ್ಟರ ಬಳಿಗೆ ಎಂದು ಶಪಥವನ್ನೂ ಮಾಡುತ್ತಾನೆ. ಹೀಗೆ ಕೆಲವು ಶಪಥಗಳಾದ ಮೇಲೆ ಒಂದು ಬೆಳಿಗ್ಗೆ ಎದ್ದರೆ ನೋವೇ ಇಲ್ಲ! ಹರಕೆಯ ಫಲವೆಂದು ಹೆಂಡತಿ, ಉಪ್ಪುನೀರಿನ ಮಹಿಮೆಯೆಂದು ಅತ್ತೆ. ಶಾಸ್ತ್ರದ ನಿರ್ಣಯವೇ ಬೇರೆ: ತಿರುಳು ಸತ್ತಿದೆ, ನೋವನ್ನು ಹೊರಗೆ ಹೇಳಲು ಒಳಗೆ ಯಾರೂ ಉಳಿದಿಲ್ಲ. ಸೂಕ್ಷ್ಮಾಣುಗಳು ಸದ್ದಿಲ್ಲದೆ ಬೇರಿನ ತುದಿಗಿಳಿದು, ಮುಂದೆ ಯಾರದೋ ಮದುವೆಯ ಹಿಂದಿನ ದಿನ ಮುಖ ಊದಿಸುತ್ತವೆ. ಆಗ ಮೆಡಿಕಲ್ ಶಾಪಿಗೆ ಓಡಿ ಮಾತ್ರೆ ನುಂಗಿದರೆ ಊತ ತಗ್ಗಬಹುದು. ಆದರೆ ಸತ್ತ ತಿರುಳಿಗೆ ರಕ್ತಸಂಚಾರವೇ ಇಲ್ಲವಾದ್ದರಿಂದ ಮಾತ್ರೆ ಹಲ್ಲಿನೊಳಕ್ಕೆ ಹೋಗಲಾರದು. ಒಳಗಿನ ಕೊಳೆಯನ್ನು ಯಾರಾದರೂ ಕೈಯಿಂದಲೇ ತೆಗೆಯಬೇಕು.

ಇನ್ನು ಸಿದ್ಧಾಂತ. ವೈದ್ಯರು ಎಕ್ಸ್‌ರೇ ನೋಡಿ, ‘ನಲವತ್ತಾರು ಹೋಗಿದೆ’ ಎನ್ನುತ್ತಾರೆ. ಇರುವುದೇ 32 ಹಲ್ಲು, ಅದರಲ್ಲಿ 46 ಹೇಗೆ ಹೋಗುತ್ತದೆ? ಬಾಯಿಯನ್ನು ನಾಲ್ಕು ಹೋಬಳಿಗಳಾಗಿ ವಿಂಗಡಿಸಿದ್ದು, ಮೊದಲ ಅಂಕಿ ಹೋಬಳಿಯದು, ಎರಡನೆಯದು ನಡುವಿನಿಂದ ಎಣಿಸಿದ ಹಲ್ಲಿನದು. 46 ಎಂದರೆ ಕೆಳಗಿನ ಬಲಗಡೆಯ ಆರನೆಯ ಹಲ್ಲು. ಇದನ್ನು ಯಾರೂ ಬಿಡಿಸಿ ಹೇಳದ ಕಾರಣ, ರೋಗಿಯು ಬೇರೆ ಯಾರದೋ ಎಕ್ಸ್‌ರೇ ಬಂದಿದೆಯೆಂದು ಸ್ವಲ್ಪ ಹೊತ್ತು ಆಸೆಯಿಂದಿರುತ್ತಾನೆ.

ಅನಂತರ ಇಂಜೆಕ್ಷನ್. ಒಳಗೆ ಹೋಗುವುದು ಹೆಚ್ಚಾಗಿ ಲಿಗ್ನೊಕೇನ್. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ್ದು. ‘ತುಟಿ ದಪ್ಪ ಆಯ್ತಾ?’ ಎಂದು ವೈದ್ಯರು ಕೇಳುತ್ತಾರೆ. ರೋಗಿ ಬೆರಳಿಂದ ಮುಟ್ಟಿದರೆ ಅದು ಬೇರೆಯವರ ತುಟಿ, ಕನ್ನಡಿಯಲ್ಲಿ ನೋಡಿದರೆ ತನ್ನದೇ. ಇಲ್ಲಿ ಪ್ರತ್ಯಕ್ಷಕ್ಕೂ ಪ್ರತ್ಯಕ್ಷಕ್ಕೂ ವಿರೋಧ ಬರುತ್ತದೆ. ಪರಿಹಾರವನ್ನು ತಾರ್ಕಿಕರಿಗೆ ಬಿಟ್ಟಿದ್ದೇವೆ. ಕೆರಳಿದ ನರ ಕೆಲವೊಮ್ಮೆ ಮೊದಲ ಸೂಜಿಗೆ ಬಗ್ಗುವುದಿಲ್ಲ, ಇನ್ನೊಂದು ಬೇಕಾಗುತ್ತದೆ. ಬಗ್ಗಿದ ಮೇಲೆ ಮಾತ್ರ ಕೊರೆಯುವ ಸದ್ದಿಗೂ ನೋವಿಗೂ ಏನೂ ಸಂಬಂಧವಿಲ್ಲ. ಇದನ್ನು ಕುರ್ಚಿಯ ಕೈ ಹಿಡಿದು ಬೆವರುತ್ತಿರುವವನಿಗೆ ನಂಬಿಸುವುದು ಕಷ್ಟ.

ವ್ಯಾಕರಣಕಾರರು ಗಮನಿಸದ ಒಂದು ಪ್ರಕರಣ ಇಲ್ಲಿಂದ ಶುರು. 1864ರಲ್ಲಿ ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ ಬಳಕೆಗೆ ತಂದ ರಬ್ಬರ್ ಹಾಳೆಯನ್ನು ಹಲ್ಲಿನ ಸುತ್ತ ಬಿಗಿದರೆ ಎಂಜಲು ಒಳಗೆ ಹೋಗದು, ಮಾತು ಹೊರಗೆ ಬಾರದು. ತುಟಿ ಸೇರದ್ದರಿಂದ ಓಷ್ಠ್ಯಗಳು ಹೋದವು. ನಾಲಿಗೆ ಹಲ್ಲಿಗೆ ತಾಗದ್ದರಿಂದ ದಂತ್ಯಗಳೂ ಹೋದವು. ಉಳಿದದ್ದು ಕಂಠ್ಯ ಮತ್ತು ಸ್ವರ. ‘ಬೇಡ’ ಎನ್ನಹೋದರೆ ಬಕಾರವೇ ಇಲ್ಲ. ‘ಸಾಕು’ ಎಂದರೆ ‘ಆಕು’ ಎಂದಾಗಿ, ‘ಹಾಕು’ ಎಂದು ಕೇಳಿಸಿ, ಇನ್ನೊಂದು ಇಂಜೆಕ್ಷನ್ ಬರುತ್ತದೆ. ಕೊನೆಗೆ ‘ಉಹೂಂ’ ಎಂದು ಪ್ರತಿಭಟಿಸಿದರೆ ಮೊದಲ ಉಕಾರವು ಎಂಜಲು ಹೀರುವ ಯಂತ್ರದ ಸದ್ದಿನಲ್ಲಿ ಲೋಪವಾಗಿ ‘ಹೂಂ’ ಮಾತ್ರ ಉಳಿಯುತ್ತದೆ. ವೈದ್ಯರು ಅದನ್ನು ಸಮ್ಮತಿಯೆಂದು ದಾಖಲಿಸಿಕೊಳ್ಳುತ್ತಾರೆ.

ಉಪಕರಣಗಳ ಬಗ್ಗೆ ಎರಡು ಮಾತು. ಬೇರಿನ ನಾಲದಿಂದ ತಿರುಳನ್ನು ಎಳೆಯುವ ಮೊದಲ ಸಲಕರಣೆಯನ್ನು ಎಡ್ವರ್ಡ್ ಮೇನಾರ್ಡ್ ಎಂಬ ಅಮೆರಿಕದ ವೈದ್ಯ 1838ರಲ್ಲಿ ಗಡಿಯಾರದ ಸ್ಪ್ರಿಂಗಿನಿಂದ ಮಾಡಿದನೆಂದು ದಂತವೈದ್ಯದ ಚರಿತ್ರೆ ಹೇಳುತ್ತದೆ. ಗಡಿಯಾರದಿಂದಲೇ ಹುಟ್ಟಿದ ವಿದ್ಯೆಯಲ್ಲಿ ಐದೂವರೆಯ ಅಪಾಯಿಂಟ್‌ಮೆಂಟಿಗೆ ಏಳು ಗಂಟೆಗೆ ಕರೆಯುವುದೇಕೆಂಬ ಪ್ರಶ್ನೆಗೆ ಭಾಷ್ಯಕಾರರು ಮೌನ. ಈಗಿನ ಫೈಲುಗಳಿಗೆ ಬಣ್ಣದ ಹಿಡಿ, ನಂಬರು ಉಂಟು. 15 ಬಿಳಿ, 20 ಹಳದಿ, 25 ಕೆಂಪು. 25 ಎಂದರೆ ತುದಿಯ ದಪ್ಪ 0.25 ಮಿಲಿಮೀಟರು. ‘ಸಿಸ್ಟರ್, ಇಪ್ಪತ್ತೈದು’ ಎಂಬ ಮಾತನ್ನು ರೋಗಿ ಬಿಲ್ಲಿನ ಸಾವಿರಗಳೆಂದು ತಿಳಿದು ಕುರ್ಚಿಯಿಂದ ಏಳಬಾರದು. ನಡುನಡುವೆ ಸೋಡಿಯಂ ಹೈಪೊಕ್ಲೋರೈಟ್, ಅಂದರೆ ಬಟ್ಟೆಯ ಕಲೆ ತೆಗೆಯುವ ಬ್ಲೀಚಿನಲ್ಲಿರುವ ದ್ರವವೇ, ನಾಲವನ್ನು ತೊಳೆಯುತ್ತದೆ. ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ನಾಲ, ಮೇಲಿನ ದವಡೆ ಹಲ್ಲಿಗೆ ಎಷ್ಟೋ ಸಲ ನಾಲ್ಕು. ಆ ನಾಲ್ಕನೆಯದನ್ನು ಹುಡುಕುವಾಗ ವೈದ್ಯರು ಮಾತು ನಿಲ್ಲಿಸುತ್ತಾರೆ. ರೋಗಿ ಹೆದರಬೇಕಾಗಿಲ್ಲ, ಕೆಲಸ ನಿಜವಾಗಿ ನಡೆಯುತ್ತಿದೆಯೆಂದೇ ಅದರ ಅರ್ಥ.

ಖಾಲಿಯಾದ ನಾಲಕ್ಕೆ ಗಟಪಾರ್ಚ ತುಂಬುತ್ತಾರೆ. ಇದು ಮಲಯ ಸೀಮೆಯ ಮರದ ಹಾಲು. 19ನೆಯ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ಹೊದಿಸಿದ್ದೂ ಇದನ್ನೇ. ರಾತ್ರಿ ಎರಡಕ್ಕೆ ತಾರು ಕಳಿಸುತ್ತಿದ್ದ ಹಲ್ಲಿನ ಬಾಯಿ ಮುಚ್ಚಲು ಅದೇ ಸಾಮಗ್ರಿ ಸಿಕ್ಕಿದ್ದು ವಿಶೇಷ. ಆಮೇಲೆ ನೀಲಿ ಕಾಗದ ಇಟ್ಟು ‘ಕಚ್ಚಿ, ಟಕ್ ಟಕ್ ಅನ್ನಿಸಿ’ ಎಂದು ಎತ್ತರ ನೋಡುತ್ತಾರೆ. ಕೆಲವು ದಿನ ಅಗಿಯುವಾಗ ನೋಯುವುದು ಶಾಸ್ತ್ರಸಮ್ಮತ. ಮುಖ ಊದಿದರೆ, ಜ್ವರ ಬಂದರೆ ಅಲ್ಲ. ಆಗ ಫೋನು ಮಾಡತಕ್ಕದ್ದು. ಜೋಮು ಇಳಿಯುವ ಮೊದಲು ಊಟಕ್ಕೆ ಕೂತವನು ತನ್ನ ಕೆನ್ನೆಯನ್ನೇ ಪಲ್ಯವೆಂದು ಅಗಿಯುವ ಸಂಭವವುಂಟು.

ಉತ್ತರಮೀಮಾಂಸೆ ಪೂರ್ತಿ ಕ್ಯಾಪಿನದು. ಕೊರೆದು ಟೊಳ್ಳಾದ ದವಡೆ ಹಲ್ಲು ಕಡಿತದ ಒತ್ತಡಕ್ಕೆ ಸೀಳುವುದರಿಂದ ಕ್ಯಾಪ್ ಬೇಕೆಂದು ವೈದ್ಯರು ಹೇಳುತ್ತಾರೆ. ಲೋಹದ್ದು, ಪಿಂಗಾಣಿಯದು, ಜಿರ್ಕೋನಿಯಾದ್ದು ಎಂದು ದರಪಟ್ಟಿ ಮುಂದಿಡುತ್ತಾರೆ. ಜಿರ್ಕೋನಿಯಾಕ್ಕೆ ವಾರಂಟಿ ಕಾರ್ಡೂ ಬರುವುದುಂಟು. ಹಲ್ಲಿಗಿರುವ ವಾರಂಟಿ ಹಲ್ಲಿನ ಯಜಮಾನನಿಗಿಲ್ಲವಲ್ಲ ಎಂದು ಅಧಿಕಾರಿ ವೈರಾಗ್ಯದಿಂದ ಕಾರ್ಡನ್ನು ತಿರುಗಿಸಿ ನೋಡುತ್ತಾನೆ. ಈಗ ನೋವೇ ಇಲ್ಲ. ನೋವಿಲ್ಲದ ಹಲ್ಲಿಗೆ ಟೋಪಿ ಏಕೆ? ಮುಂದಿನ ತಿಂಗಳು ನೋಡೋಣ. ಮುಂದಿನ ತಿಂಗಳು ಗೌರಿ ಹಬ್ಬ. ಹೊಸದಾಗಿ ಕರಿದ ಕೋಡುಬಳೆ, ಬಲಗಡೆಗೆ ತಿರುಗಿಸಿ ಒಂದು ಕಡಿತ. ಒಳಗಿನಿಂದ ಬಂದ ಸದ್ದು ಕೋಡುಬಳೆಯದಲ್ಲ. ಸೀಳು ಬೇರಿನವರೆಗೆ ಇಳಿದಿದೆ, ಇನ್ನು ಉಳಿಸಲಾಗದು ಎಂದು ವೈದ್ಯರು ಇಕ್ಕಳ ತೆಗೆಯುತ್ತಾರೆ. ಹತ್ತಿಯನ್ನು ಕಚ್ಚಿಕೊಂಡು ಮನೆಗೆ ಬಂದರೆ, ಪಡಸಾಲೆಯಲ್ಲಿ ಕೋಡುಬಳೆಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿರುವ ತಾತ ತಲೆಯೆತ್ತಿ ಕೇಳುತ್ತಾರೆ: ‘ಕೀಳಿಸಿಬಿಡು ಅಂತ ನಾನು ಅವತ್ತೇ ಹೇಳಿರಲಿಲ್ವೇನೋ?’